ರೆಕ್ವಿಯೆಮ್ ಕೃತಿಗಳಿಗೊಂದು ಆನ್‌ಲೈನ್ ಸೂಚಿ: ಯಾವ ದಾರಿ ಯಾರಿಗೆ?

ಮೃತರಿಗಾಗಿ ಅರ್ಪಿಸುವ ಲ್ಯಾಟಿನ್ ಬಲಿಪೂಜೆಯ, ಅಂದರೆ ರೆಕ್ವಿಯೆಮ್‌ನ, ಪಾಠಕ್ಕೆ ಬಹುಧ್ವನಿ ಸಂಗೀತ ಹೊಂದಿಸುವ ಪರಂಪರೆಗೆ ಐನೂರು ವರ್ಷ ದಾಟಿದೆ. ಹದಿನೈದನೆಯ ಶತಮಾನದ ಓಕೆಗೆಮ್‌ನಿಂದ ಹಿಡಿದು ಇಪ್ಪತ್ತನೆಯ ಶತಮಾನದ ಲಿಗೆಟಿಯವರೆಗೆ ನೂರಾರು ಸಂಯೋಜಕರು ಇದನ್ನು ಕೈಗೆತ್ತಿಕೊಂಡಿದ್ದಾರೆ. ಇವುಗಳ ಸೂಚಿಯೊಂದನ್ನು ಅಂತರಜಾಲದಲ್ಲಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಾವ ಸಾಫ್ಟ್‌ವೇರ್ ಬಳಸಬೇಕು ಎಂದು. ಅದು ಎರಡನೆಯ ಪ್ರಶ್ನೆ. ಸೂಚಿಯಲ್ಲಿ ಒಂದು ನಮೂದು ಎಂದರೆ ಏನು ಎಂಬುದು ಮೊದಲನೆಯದು. ಕೃತಿಯೇ? ಅದರ ಒಂದು ಆವೃತ್ತಿಯೇ? ಒಂದು ಹಸ್ತಪ್ರತಿಯೇ? ಒಂದು ಧ್ವನಿಮುದ್ರಣವೇ? ಇದಕ್ಕೆ ಉತ್ತರ ಸಿಕ್ಕರೆ ಮುಂದಿನ ಆಯ್ಕೆ ಅರ್ಧ ಮುಗಿದಂತೆ. ಗ್ರಂಥಾಲಯ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವು 1998ರಲ್ಲಿ ಕೃತಿ, ಅಭಿವ್ಯಕ್ತಿ, ಪ್ರಕಟಣೆ, ಪ್ರತಿ ಎಂಬ ನಾಲ್ಕು ಹಂತಗಳನ್ನು ಬಿಡಿಸಿ ತೋರಿಸಿತು. ರೆಕ್ವಿಯೆಮ್‌ನಷ್ಟು ಸ್ಪಷ್ಟವಾಗಿ ಆ ನಾಲ್ಕೂ ಹಂತಗಳು ಬೇಕೆನಿಸುವ ಸಂಗೀತಪ್ರಕಾರ ಇನ್ನೊಂದು ನನಗೆ ಕಂಡಿಲ್ಲ.

ಆದ್ದರಿಂದ ಯಾವ ಸಾಧನವನ್ನು ಆರಿಸುವ ಮೊದಲೂ ಅದರೊಳಗೆ ಕೆಲವು ಕಠಿಣ ಕೃತಿಗಳನ್ನು ತುಂಬಿ ನೋಡಿ. ನಾನು ಮುಂದಿಡುವುದು ಐದು.

ಮೊದಲನೆಯದು ಓಕೆಗೆಮ್. ಉಳಿದುಬಂದಿರುವ ಬಹುಧ್ವನಿ ರೆಕ್ವಿಯೆಮ್‌ಗಳಲ್ಲಿ ಅತಿ ಹಳೆಯದು ಇವನದು. ಅದು ಸಿಗುವುದು ವ್ಯಾಟಿಕನ್ ಗ್ರಂಥಾಲಯದ ಕೀಜಿ ಕೋಡೆಕ್ಸ್ ಎಂಬ ಒಂದೇ ಹಸ್ತಪ್ರತಿಯಲ್ಲಿ. ಇರುವುದು ಇಂಟ್ರಾಯ್ಟ್, ಕಿರಿಯೆ, ಗ್ರಾಜುವಲ್, ಟ್ರಾಕ್ಟ್, ಆಫರ್ಟರಿ ಎಂಬ ಐದೇ ಭಾಗ. ಬಲಿಪೂಜೆಯ ಉಳಿದ ಭಾಗಗಳಾದ ಸಾಂಕ್ಟುಸ್ ಇಲ್ಲ, ಆಗ್ನುಸ್ ದೇಯಿ ಇಲ್ಲ. ಇನ್ನು ಇವನಿಗಿಂತ ಹಿರಿಯನಾದ ದ್ಯುಫಾಯ್ ಬರೆದ ರೆಕ್ವಿಯೆಮ್ ಪೂರ್ತಿ ಕಳೆದುಹೋಗಿದೆ. ಅದು ಇತ್ತೆಂದು ಗೊತ್ತಾಗುವುದು ಅವನ ಮರಣಶಾಸನದಿಂದ. ಸ್ವರಲಿಪಿಯೇ ಇಲ್ಲದ ಕೃತಿಗೂ ನಿಮ್ಮ ಸೂಚಿಯಲ್ಲಿ ಜಾಗವಿರಬೇಕು.

ಎರಡನೆಯದು ಮೋಟ್ಸಾರ್ಟ್, ಅವನ ಕೃತಿಗಳ ಪಟ್ಟಿಯಲ್ಲಿ ಕೋಷೆಲ್ 626. ಅವನು 1791ರಲ್ಲಿ ತೀರಿಕೊಂಡಾಗ ಇಂಟ್ರಾಯ್ಟ್ ಮಾತ್ರ ಮುಗಿದಿತ್ತು. 'ಲಾಕ್ರಿಮೋಸಾ' ಎಂಬ ಭಾಗ ಎಂಟು ಬಾರ್‌ಗಳಿಗೆ ನಿಂತಿತ್ತು. ಸ್ಯೂಸ್‌ಮಾಯರ್ ಅದನ್ನು ಪೂರೈಸಿದ. ಇಪ್ಪತ್ತನೆಯ ಶತಮಾನದಲ್ಲಿ ಬೈಯರ್, ಮಾಂಡರ್, ಲೆವಿನ್ ಮುಂತಾದವರು ತಮ್ಮ ತಮ್ಮ ಪೂರೈಕೆಗಳನ್ನು ತಂದರು. ಇವೆಲ್ಲ ಒಂದೇ ಕೃತಿಯೇ, ಹಲವೇ?

ಮೂರನೆಯದು ವೆರ್ಡಿ. ರೋಸ್ಸಿನಿ 1868ರಲ್ಲಿ ತೀರಿಕೊಂಡ ಬಳಿಕ ಹದಿಮೂರು ಇಟಾಲಿಯನ್ ಸಂಯೋಜಕರು ಸೇರಿ ಒಂದು ರೆಕ್ವಿಯೆಮ್ ಬರೆದರು. ಅದರ ಕೊನೆಯ ಭಾಗ 'ಲಿಬೆರಾ ಮೆ' ವೆರ್ಡಿಯ ಪಾಲಿನದು. ಆಗ ನಡೆಯಬೇಕಿದ್ದ ಪ್ರದರ್ಶನ ರದ್ದಾಯಿತು. ಆ ಸಾಮೂಹಿಕ ಕೃತಿಯನ್ನು ಜನ ಕೇಳಿದ್ದು 1988ರಲ್ಲಿ, ಸ್ಟುಟ್‌ಗಾರ್ಟ್‌ನಲ್ಲಿ. ಅಷ್ಟರಲ್ಲಿ ವೆರ್ಡಿ ತನ್ನ 'ಲಿಬೆರಾ ಮೆ'ಯನ್ನು ತಿದ್ದಿ, ಸಾಹಿತಿ ಮಾಂಜೋನಿಯ ನೆನಪಿಗಾಗಿ 1874ರಲ್ಲಿ ಮಿಲಾನ್‌ನಲ್ಲಿ ಹಾಡಿಸಿದ ತನ್ನದೇ ರೆಕ್ವಿಯೆಮ್‌ಗೆ ಸೇರಿಸಿಕೊಂಡಿದ್ದ. ಒಂದು ಭಾಗ ಎರಡು ಕೃತಿಗಳಿಗೆ ಸೇರಿರುವುದನ್ನು ನಿಮ್ಮ ಸಾಧನ ಹೇಳಬಲ್ಲದೇ?

ನಾಲ್ಕನೆಯದು ಫೋರೆ, ಓಪಸ್ 48. 1888ರಲ್ಲಿ ಐದು ಭಾಗ. 1893ರ ರೂಪದಲ್ಲಿ ಆಫರ್ಟರಿಯೂ, 1877ರಲ್ಲೇ ಬಿಡಿಯಾಗಿ ಬರೆದಿಟ್ಟಿದ್ದ 'ಲಿಬೆರಾ ಮೆ'ಯೂ ಸೇರಿ ಏಳು. 1900ರಲ್ಲಿ ಪೂರ್ಣ ವಾದ್ಯವೃಂದದ ರೂಪ. ಐದನೆಯದು ಬ್ರಾಮ್ಸ್‌ನ 'ಜರ್ಮನ್ ರೆಕ್ವಿಯೆಮ್', ಓಪಸ್ 45. ಹೆಸರು ರೆಕ್ವಿಯೆಮ್, ಆದರೆ ಬಲಿಪೂಜೆಯ ಲ್ಯಾಟಿನ್ ಪಾಠದ ಒಂದು ಸಾಲೂ ಅದರಲ್ಲಿಲ್ಲ; ಲೂಥರನ ಜರ್ಮನ್ ಬೈಬಲಿನಿಂದ ಆಯ್ದ ವಚನಗಳಿವೆ.

ಈ ಐದನ್ನು ಕೈಯಲ್ಲಿಟ್ಟುಕೊಂಡು ಆಯ್ಕೆಗಳನ್ನು ನೋಡೋಣ.

ಈಗಾಗಲೇ ಇರುವ ಸೂಚಿಗಳಿಗೆ ಸೇರಿಸುವುದು

ಹೊಸದನ್ನು ಕಟ್ಟುವ ಮುನ್ನ ಇರುವುದನ್ನು ಬಳಸಬಹುದೇ ಎಂದು ನೋಡುವುದು ವಿವೇಕ. ಐಎಂಎಸ್‌ಎಲ್‌ಪಿ 2006ರಿಂದ ಇದೆ. ಹಕ್ಕುಸ್ವಾಮ್ಯ ಮುಗಿದ ಸ್ವರಲಿಪಿಗಳ ಅಲ್ಲಿನ ಭಂಡಾರಕ್ಕೆ ಸಾಟಿಯಿಲ್ಲ. ಕೃತಿಗೊಂದು ಪುಟ, ಅದರಡಿಯಲ್ಲಿ ಮುದ್ರಣಗಳು, ಕೆಲವೊಮ್ಮೆ ಹಸ್ತಪ್ರತಿಯ ಚಿತ್ರಗಳು. ಫೋರೆಯಂಥ ಕೃತಿಗೆ ಈ ಜೋಡಣೆ ಸಾಕಷ್ಟು ಒಪ್ಪುತ್ತದೆ. ಆದರೆ ಸ್ವರಲಿಪಿ ಇಲ್ಲದ ಕೃತಿಗೆ ಅಲ್ಲಿ ನೆಲೆಯಿಲ್ಲ. ಹಕ್ಕುಸ್ವಾಮ್ಯದ ಬೆದರಿಕೆಯಿಂದಾಗಿ 2007ರ ಅಕ್ಟೋಬರ್‌ನಲ್ಲಿ ಮುಚ್ಚಿದ ಆ ತಾಣ ಮತ್ತೆ ತೆರೆದದ್ದು 2008ರ ಜೂನ್‌ನಲ್ಲಿ ಎಂಬುದನ್ನೂ ನೆನಪಿಡಬೇಕು. ಎಷ್ಟು ದೊಡ್ಡ ತಾಣವಾದರೂ ನಿಮ್ಮ ಮಾಹಿತಿಯ ಒಂದೇ ಪ್ರತಿ ಅಲ್ಲಿರಬಾರದು.

ಸ್ವರಲಿಪಿಗಳ ಇನ್ನೊಂದು ತಾಣ ಸಿಪಿಡಿಎಲ್ 1998ರಲ್ಲಿ ಹುಟ್ಟಿದ್ದು, ಮೇಳಗಾಯನಕ್ಕೇ ಮೀಸಲು. ಪಾಠಕ್ಕೊಂದು ಪುಟವಿಟ್ಟು, ಅದೇ ಪಾಠಕ್ಕೆ ಸಂಗೀತ ಹೊಂದಿಸಿದವರನ್ನು ಒಂದೆಡೆ ಪಟ್ಟಿಮಾಡುವುದು ಅದರ ದೊಡ್ಡ ಗುಣ. ಗಾಯನವೃಂದ ನಡೆಸುವವರಿಗೆ ಹಾಡಲು ತಕ್ಕ ಪ್ರತಿ ಬೇಕು, ಅಷ್ಟೇ ಎಂದಾದರೆ ನೀವು ಬೇರೆ ಸೂಚಿ ಕಟ್ಟುವ ಅಗತ್ಯವೇ ಇಲ್ಲ. ಅಲ್ಲಿಗೇ ಹೋಗಿ, ಬಿಟ್ಟುಹೋದದ್ದನ್ನು ಸೇರಿಸಿ.

ರಿಸ್ಮ್, ಅಂದರೆ ಸಂಗೀತ ಮೂಲಗಳ ಅಂತರರಾಷ್ಟ್ರೀಯ ಸೂಚಿ, 1952ರಲ್ಲಿ ಆರಂಭವಾದದ್ದು. 2010ರಿಂದ ಅದನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ನೋಡಬಹುದು. ಹತ್ತು ಲಕ್ಷಕ್ಕೂ ಹೆಚ್ಚು ದಾಖಲೆಗಳಿವೆ. ಇಲ್ಲಿ ನಮೂದು ಎಂದರೆ ಮೂಲ: ಒಂದು ಗ್ರಂಥಾಲಯದ ಒಂದು ಕಪಾಟಿನಲ್ಲಿರುವ ಒಂದು ಹಸ್ತಪ್ರತಿ ಅಥವಾ ಮುದ್ರಿತ ಪ್ರತಿ. ಮೋಟ್ಸಾರ್ಟ್‌ನ ಸ್ವಹಸ್ತಪ್ರತಿ ವಿಯೆನ್ನಾದ ಆಸ್ಟ್ರಿಯನ್ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ ಎಂಬುದನ್ನು ರಿಸ್ಮ್ ಪದ್ಧತಿಯಲ್ಲಿ ದೇಶ, ಊರು, ಗ್ರಂಥಾಲಯಗಳ ಸಂಕೇತಾಕ್ಷರಗಳು ಮತ್ತು 17561 ಎಂಬ ಕಪಾಟುಸಂಖ್ಯೆ ಸೇರಿಸಿ ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ಇನ್ನೊಂದು ಅಮೂಲ್ಯ ಸೌಲಭ್ಯ ಆರಂಭಸ್ವರಗಳದು. ಕೃತಿಯ ಮೊದಲ ಕೆಲವು ಸ್ವರಗಳನ್ನು ಅಕ್ಷರ ಮತ್ತು ಅಂಕೆಗಳ ಸಂಕೇತದಲ್ಲಿ ಬರೆದಿಟ್ಟಿರುವುದರಿಂದ, ಕರ್ತೃವಿನ ಹೆಸರಿಲ್ಲದ ಹಸ್ತಪ್ರತಿಯ ರಾಗವನ್ನು ಕೊಟ್ಟು ಹುಡುಕಿದರೆ ಅದು ಯಾರದ್ದೆಂದು ಗುರುತಿಸುವ ಅವಕಾಶವಿದೆ. ತಪ್ಪು ಹೆಸರಿನಲ್ಲಿ ನಕಲಾದ ರೆಕ್ವಿಯೆಮ್‌ಗಳು ಹದಿನೆಂಟನೆಯ ಶತಮಾನದಲ್ಲಿ ಕಡಿಮೆಯಿಲ್ಲ, ಹಾಗಾಗಿ ಇದು ಸಣ್ಣ ಮಾತಲ್ಲ. ಆದರೆ ಆಸಕ್ತರೆಲ್ಲರೂ ನೇರವಾಗಿ ರಿಸ್ಮ್‌ಗೆ ದಾಖಲೆ ಸೇರಿಸಲಾಗದು; ಆ ಕೆಲಸ ಗ್ರಂಥಾಲಯಗಳ ಮತ್ತು ಆಯಾ ದೇಶದ ತಂಡಗಳ ಮೂಲಕ ನಡೆಯುತ್ತದೆ. ಜೊತೆಗೆ ಒಂದೇ ಕೃತಿ ಹತ್ತಾರು ನಕಲುಗಳ ರೂಪದಲ್ಲಿ ಬರುವುದರಿಂದ, ಒಟ್ಟು ಎಷ್ಟು ರೆಕ್ವಿಯೆಮ್‌ಗಳಿವೆ ಎಂಬ ಪ್ರಶ್ನೆಗೆ ಅಲ್ಲಿಂದ ಉತ್ತರ ತೆಗೆಯುವುದು ಕಷ್ಟ. ರಿಸ್ಮ್ ನಿಮ್ಮ ಸೂಚಿಗೆ ಪರ್ಯಾಯವಲ್ಲ, ಆಧಾರ.

ಧ್ವನಿಮುದ್ರಣಗಳ ಸಂಗ್ರಾಹಕರಿಗೆ ನಾನು ಹೇಳುವುದು ಮ್ಯೂಸಿಕ್‌ಬ್ರೇನ್ಜ್ ಎಂಬ ಮುಕ್ತ ಡೇಟಾಬೇಸ್. ಕೃತಿಯೊಳಗೆ ಉಪಕೃತಿ, ಪ್ರತಿಯೊಂದಕ್ಕೂ ಧ್ವನಿಮುದ್ರಣಗಳ ಕೊಂಡಿ, ಯಾರ ಪೂರೈಕೆ ಎಂಬ ಸಂಬಂಧ ಎಲ್ಲಕ್ಕೂ ಅಲ್ಲಿ ವ್ಯವಸ್ಥೆಯಿದೆ. ಮೂಲ ಮಾಹಿತಿಯನ್ನು ಇಡಿಯಾಗಿ ಇಳಿಸಿಕೊಳ್ಳಬಹುದು. ಮೋಟ್ಸಾರ್ಟ್ ಪರೀಕ್ಷೆಯನ್ನು ಅದು ಚೆನ್ನಾಗಿಯೇ ದಾಟುತ್ತದೆ. ಹಸ್ತಪ್ರತಿಗಳ ವಿಷಯಕ್ಕೆ ಬಂದರೆ ಅದು ಮೂಕ.

ವಿಕಿಪೀಡಿಯಾ ಬಳಗದ ಮಾಹಿತಿಕೋಶವಾದ ವಿಕಿಡೇಟಾ ಇವೆಲ್ಲಕ್ಕಿಂತ ಹಿಗ್ಗಲು ಸಿದ್ಧವಿರುವ ಸಾಧನ. ಅಲ್ಲಿ ಯಾವ ಸಂಬಂಧವನ್ನಾದರೂ ಹೇಳಬಹುದು, ಪ್ರತಿ ಹೇಳಿಕೆಗೂ ಆಧಾರ ಕೊಡಬಹುದು, ಹೆಸರುಗಳನ್ನು ಎಷ್ಟೋ ಭಾಷೆಗಳಲ್ಲಿ ಬರೆಯಬಹುದು. 'ಲಿಬೆರಾ ಮೆ' ಎರಡು ಕೃತಿಗಳಿಗೆ ಸೇರಿದೆ ಎಂಬುದು ಅಲ್ಲಿ ಸಮಸ್ಯೆಯೇ ಅಲ್ಲ. ಆದರೆ ನೀವು ಹಾಕಿದ ಚೌಕಟ್ಟನ್ನು ಬೇರೆಯವರು ಸದುದ್ದೇಶದಿಂದಲೇ ಬದಲಿಸಬಹುದು, ನೂರು ಕೃತಿಗಳಿಗೆ ಒಂದೇ ಶಿಸ್ತು ಉಳಿಯುವ ಭರವಸೆ ಇಲ್ಲ. ಇಡೀ ಸೂಚಿಯನ್ನು ಅಲ್ಲೇ ಕಟ್ಟುವುದಕ್ಕಿಂತ, ನಿಮ್ಮ ಪ್ರತಿ ನಮೂದಿನಲ್ಲೂ ವಿಕಿಡೇಟಾದ ಗುರುತುಸಂಖ್ಯೆಯೊಂದನ್ನು ಇಟ್ಟುಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ.

ಸ್ವಂತ ಸೂಚಿ: ಸ್ಪ್ರೆಡ್‌ಶೀಟ್, ವಿಕಿ, ಡೇಟಾಬೇಸ್

ಸ್ಪ್ರೆಡ್‌ಶೀಟ್ ಅನ್ನು ಹಗುರವಾಗಿ ಕಾಣುವವರ ಮಾತು ಕೇಳಬೇಡಿ. ಮುನ್ನೂರು ಕೃತಿಗಳವರೆಗೆ, ಒಬ್ಬರೇ ಕೆಲಸ ಮಾಡುವಾಗ, ಅದಕ್ಕಿಂತ ವೇಗದ ಸಾಧನವಿಲ್ಲ. ಹಂಚಿಕೊಳ್ಳುವುದೂ ಸುಲಭ. ಆದರೆ ಎಚ್ಚರ ಬೇಕಾದ ಒಂದೆರಡು ಕಡೆಗಳಿವೆ. ಎಕ್ಸೆಲ್ 1900ಕ್ಕಿಂತ ಹಿಂದಿನ ತಾರೀಖುಗಳನ್ನು ತಾರೀಖೆಂದು ಗುರುತಿಸುವುದಿಲ್ಲ, ಬರಿಯ ಪಠ್ಯವೆಂದು ಹಿಡಿಯುತ್ತದೆ. ನಂತರದವನ್ನು ತಾನೇ ರೂಪಾಂತರಿಸುತ್ತದೆ. ರೆಕ್ವಿಯೆಮ್‌ಗಳ ಪಟ್ಟಿಯಲ್ಲಿ ಬಹುಪಾಲು ತಾರೀಖುಗಳು ಆ ಗೆರೆಯ ಆಚೆ ಇರುವುದರಿಂದ ಒಂದೇ ಅಂಕಣದಲ್ಲಿ ಎರಡು ಬಗೆಯ ಮಾಹಿತಿ ಕೂತು, ಕಾಲಾನುಕ್ರಮದಲ್ಲಿ ಜೋಡಿಸಿದಾಗ ವೆರ್ಡಿಯೂ ಇಪ್ಪತ್ತನೆಯ ಶತಮಾನದ ಸಂಯೋಜಕ ಬ್ರಿಟನ್ನನೂ ಬೇರೆ ಬೇರೆ ಗುಂಪಿಗೆ ಹೋಗಿಬಿಡುತ್ತಾರೆ. ಅಂಕಣವನ್ನು ಮೊದಲೇ ಪಠ್ಯವೆಂದು ನಿಗದಿಮಾಡಿ, ವರ್ಷಕ್ಕೆ ಬೇರೆಯೇ ಸಂಖ್ಯೆಯ ಅಂಕಣ ಇಡಿ. ಫೋರೆ, ದ್ವೋರ್ಜಾಕ್ ಇಂಥ ಹೆಸರುಗಳಲ್ಲಿ ಅಕ್ಷರದ ಮೇಲೆ ಬರುವ ಚಿಹ್ನೆಗಳು ಕಡತವನ್ನು ಉಳಿಸುವಾಗ ಕೆಡದಂತೆ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲೇ ಇಡಿ.

ಸ್ಪ್ರೆಡ್‌ಶೀಟ್ ಸೋಲುವುದು ಫೋರೆಯ ಹತ್ತಿರ. ಮೂರು ರೂಪಗಳಿಗೆ ಮೂರು ಸಾಲು ಬರೆದರೆ ಎಣಿಕೆಯಲ್ಲಿ ಫೋರೆ ಮೂರು ರೆಕ್ವಿಯೆಮ್ ಬರೆದಂತಾಗುತ್ತದೆ. ಒಂದೇ ಸಾಲು ಬರೆದರೆ ಯಾವ ರೂಪಕ್ಕೆ ಎಷ್ಟು ವಾದ್ಯ ಎಂಬುದು ಟಿಪ್ಪಣಿಯ ಅಂಕಣದಲ್ಲಿ ಹೂತುಹೋಗುತ್ತದೆ. ಎರಡು ಹಾಳೆ ಮಾಡಿ, ಒಂದರಲ್ಲಿ ಕೃತಿ, ಇನ್ನೊಂದರಲ್ಲಿ ರೂಪ, ನಡುವೆ ಗುರುತುಸಂಖ್ಯೆ ಎಂದು ಹೊರಟಿರಾದರೆ ನೀವಾಗಲೇ ಡೇಟಾಬೇಸ್ ಕಟ್ಟಲು ಆರಂಭಿಸಿದ್ದೀರಿ.

ವಿಕಿಯ ಆಕರ್ಷಣೆ ಗೊತ್ತಿರುವಂಥದ್ದೇ. ಯಾರು ಯಾವಾಗ ಏನು ತಿದ್ದಿದರೆಂಬ ಇತಿಹಾಸ ಉಳಿಯುತ್ತದೆ, ಚರ್ಚೆಗೆ ಜಾಗವಿದೆ, ಕರ್ತೃತ್ವದ ಜಗಳಗಳನ್ನು ವಿಸ್ತಾರವಾಗಿ ಬರೆಯಬಹುದು. ಮೋಟ್ಸಾರ್ಟ್ ಬಗ್ಗೆ ಬರೆಯುವುದಿದ್ದರೆ ವಿಕಿಯ ಪುಟದಷ್ಟು ಹಿತವಾದದ್ದಿಲ್ಲ. ಆದರೆ 'ದಿಯೆಸ್ ಇರೆ (ಕೊನೆಯ ತೀರ್ಪಿನ ದಿನದ ಪದ್ಯಭಾಗ) ಇಲ್ಲದ, ಆರ್ಗನ್ ಮಾತ್ರ ಇರುವ ಕೃತಿಗಳನ್ನು ತೋರಿಸು' ಎಂದರೆ ಸಾಮಾನ್ಯ ವಿಕಿ ಉತ್ತರಿಸಲಾರದು. ಅದಕ್ಕೆ ಮೀಡಿಯಾವಿಕಿ ಎಂಬ ವಿಕಿ ತಂತ್ರಾಂಶಕ್ಕೆ ಹೆಚ್ಚುವರಿ ಭಾಗಗಳನ್ನು ಜೋಡಿಸಿ, ಎಲ್ಲ ಪುಟಗಳೂ ಒಂದೇ ಟೆಂಪ್ಲೇಟು ಬಳಸುವಂತೆ ನೋಡಿಕೊಳ್ಳಬೇಕು. ಕಸಬರಹ ತೆಗೆಯುವ, ಆವೃತ್ತಿ ಏರಿಸುವ ಕೆಲಸ ತಪ್ಪುವುದಿಲ್ಲ. ನಿಯಮಿತವಾಗಿ ಬರೆಯುವ ನಾಲ್ಕೈದು ಜನ ಖಚಿತವಾಗಿ ಇದ್ದರೆ ವಿಕಿ ಆರಿಸಿ. ಜನ ಮುಂದೆ ಬಂದಾರು ಎಂಬ ಆಸೆಯ ಮೇಲೆ ಆರಿಸಬೇಡಿ.

ಒಮೆಕಾದಂಥ ಪ್ರದರ್ಶನದ ತಂತ್ರಾಂಶಗಳು ಚಿತ್ರಗಳಿರುವ ಸಂಗ್ರಹಕ್ಕೆ ತಕ್ಕವು. ಆದರೆ ಅವು ಮಾಹಿತಿ ತುಂಬಲು ಬಳಸುವ ಡಬ್ಲಿನ್ ಕೋರ್ ಎಂಬ ಮಾದರಿಯ ಹದಿನೈದು ಅಂಶಗಳಲ್ಲಿ ಕೀಲಿಸ್ವರ (ಸಿ ಮೈನರ್ ಎಂಬಂಥದು), ಗಾಯನವೃಂದದ ಬಗೆ, ಓಪಸ್ ಸಂಖ್ಯೆ ಯಾವುದಕ್ಕೂ ತನ್ನದೇ ಸ್ಥಾನವಿಲ್ಲ. ಗ್ರಂಥಾಲಯಗಳ ಮಾರ್ಕ್ 21 ಪದ್ಧತಿಯಲ್ಲಿ ಇವೆಲ್ಲಕ್ಕೂ ಅಂಕಣಸಂಖ್ಯೆಗಳಿವೆ: ವಾದ್ಯ ಮತ್ತು ಧ್ವನಿಗಳಿಗೆ 382, ಓಪಸ್ ಮುಂತಾದ ಸಂಖ್ಯೆಗಳಿಗೆ 383, ಕೀಲಿಸ್ವರಕ್ಕೆ 384, ಆರಂಭಸ್ವರಗಳಿಗೆ 031. ಮಾರ್ಕ್ ಅನ್ನೇ ಬಳಸಬೇಕೆಂದಿಲ್ಲ. ಆದರೆ ಅಂಕಣಗಳನ್ನು ಯೋಜಿಸುವಾಗ ಅದರ ಪಟ್ಟಿ ಪಕ್ಕದಲ್ಲಿರಲಿ.

ನನ್ನ ಒಲವು ಐದನೆಯ ದಾರಿಯ ಕಡೆಗೆ. ಎಸ್‌ಕ್ಯೂಲೈಟ್‌ನಂಥ ಚಿಕ್ಕ ಡೇಟಾಬೇಸ್. ಅದರಲ್ಲಿ ವ್ಯಕ್ತಿ, ಕೃತಿ, ರೂಪ, ಭಾಗ, ಮೂಲ ಎಂದು ಐದು ಕೋಷ್ಟಕ. ಅದರಿಂದ ತಯಾರಾದ ಸ್ಥಿರ ಎಚ್‌ಟಿಎಂಎಲ್ ಪುಟಗಳು. ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ ಯಾವುದೂ ಇಲ್ಲದ ಕಾರಣ ಕೆಡುವುದು ಕಡಿಮೆ, ಬೇರೆಡೆಗೆ ಸಾಗಿಸುವುದು ಸುಲಭ. ಓಕೆಗೆಮ್‌ನಿಂದ ಬ್ರಾಮ್ಸ್‌ವರೆಗೆ ಐದೂ ಕೃತಿಗಳು ಇದರಲ್ಲಿ ತಕರಾರಿಲ್ಲದೆ ಕೂರುತ್ತವೆ. ಮೋಟ್ಸಾರ್ಟ್ ಒಂದು ಕೃತಿ, ಸ್ಯೂಸ್‌ಮಾಯರ್ ಮತ್ತು ಲೆವಿನ್ ಅವರದು ಅದರ ರೂಪಗಳು. ವೆರ್ಡಿಯ 1869ರ 'ಲಿಬೆರಾ ಮೆ' ಒಂದು ಭಾಗ, 1874ರದು ಇನ್ನೊಂದು, ನಡುವೆ 'ಇದರಿಂದ ತಿದ್ದಿದ್ದು' ಎಂಬ ಸಂಬಂಧ. ಕಲಿಯಲು ಮಾತ್ರ ಸಮಯ ಬೇಕು, ಬಂದ ತಿದ್ದುಪಡಿಗಳನ್ನು ನೀವೇ ಸೇರಿಸಬೇಕು.

ಪಾಠದ ಕೋಷ್ಟಕ

ಯಾವ ಸಾಧನ ಆರಿಸಿದರೂ ನಿಮ್ಮ ಸೂಚಿಗೆ ಬೆಲೆ ತರುವುದು ಒಂದೇ: ಯಾವ ಕೃತಿಯಲ್ಲಿ ಪಾಠದ ಯಾವ ಭಾಗಗಳಿವೆ ಎಂಬ ಕೋಷ್ಟಕ. ಹೆಸರು, ವರ್ಷ, ಕೀಲಿಸ್ವರ ಬೇರೆಡೆಯೂ ಸಿಗುತ್ತವೆ. ಇದನ್ನು ನೂರಾರು ಕೃತಿಗಳಿಗೆ ಒಂದೇ ಕ್ರಮದಲ್ಲಿ ಬಿಡಿಸಿಟ್ಟರೆ ಆರಾಧನಾಕ್ರಮದ ಚರಿತ್ರೆಯೇ ಎದ್ದುಬರುತ್ತದೆ.

ಉದಾಹರಣೆಗೆ ಓಕೆಗೆಮ್‌ನ ಗ್ರಾಜುವಲ್ 'ಸಿ ಆಂಬುಲೆಮ್', ಟ್ರಾಕ್ಟ್ 'ಸಿಕುತ್ ಚೆರ್ವುಸ್'. 1570ರಲ್ಲಿ ಐದನೆಯ ಪಿಯುಸ್ ಪೋಪರ ಮಿಸಾಲ್ (ಬಲಿಪೂಜೆಯ ಪಾಠದ ಪುಸ್ತಕ) ಬಂದ ಮೇಲೆ ಗ್ರಾಜುವಲ್ ಜಾಗದಲ್ಲಿ 'ರೆಕ್ವಿಯೆಮ್ ಎತೆರ್ನಾಮ್', ಟ್ರಾಕ್ಟ್ ಜಾಗದಲ್ಲಿ 'ಆಬ್ಸೋಲ್ವೆ ದೋಮಿನೆ' ಸ್ಥಿರವಾದವು. ಅಂದರೆ 'ಗ್ರಾಜುವಲ್ ಇದೆ' ಎಂದು ಗುರುತು ಹಾಕಿದರೆ ಸಾಲದು. ಯಾವ ಪಾಠದ್ದು ಎಂಬುದನ್ನೂ ಬರೆಯಬೇಕು. ಹಾಗೆ ಬರೆದಾಗ ಸ್ಥಳೀಯ ಪದ್ಧತಿಯ ಸುಳಿವು ಸಿಗುತ್ತದೆ, ಕೆಲವೊಮ್ಮೆ ವರ್ಷ ಗೊತ್ತಿಲ್ಲದ ಹಸ್ತಪ್ರತಿಯ ಕಾಲವನ್ನು ಊಹಿಸಲು ಆಧಾರವೂ ಆಗುತ್ತದೆ.

'ದಿಯೆಸ್ ಇರೆ' ಇನ್ನೂ ಸೂಕ್ಷ್ಮ. ಆರಂಭದ ಬಹುಧ್ವನಿ ಕೃತಿಗಳಲ್ಲಿ ಅದನ್ನು ಸರಳ ಪಠಣವಾಗಿಯೇ, ಅಂದರೆ ಏಕಧ್ವನಿಯ ಸಾಂಪ್ರದಾಯಿಕ ಗಾನವಾಗಿಯೇ, ಬಿಡುತ್ತಿದ್ದರು. ಅದಕ್ಕೆ ಬಹುಧ್ವನಿ ಸಂಗೀತ ಕೊಟ್ಟವರಲ್ಲಿ ನಮಗೆ ತಿಳಿದಂತೆ ಮೊದಲಿಗ ಬ್ರ್ಯೂಮೆಲ್. ವೆರ್ಡಿಯಲ್ಲಿ ಅದು ಇಡೀ ಕೃತಿಯ ಬೆನ್ನೆಲುಬು. ಫೋರೆ ಅದನ್ನು ಬಿಟ್ಟು, ಕೊನೆಯ ಎರಡು ಸಾಲಾದ 'ಪಿಯೆ ಯೇಸು' ಮಾತ್ರ ಇಟ್ಟುಕೊಂಡ. ದ್ಯುರುಫ್ಲೆ 1947ರಲ್ಲಿ ಅದೇ ಹಾದಿ ಹಿಡಿದ. ಆದರೆ ಇಬ್ಬರಲ್ಲೂ 'ಲಿಬೆರಾ ಮೆ' ಇದೆ, ಆ ಪಾಠದ ಒಳಗೆ 'ದಿಯೆಸ್ ಇರೆ' ಎಂಬ ಪದಗಳಿವೆ. ಪೂರ್ಣ ಪಠ್ಯವನ್ನು ತುಂಬಿಸಿಟ್ಟು ಪದ ಹುಡುಕುವ ಸೂಚಿ ಫೋರೆಯಲ್ಲಿ ದಿಯೆಸ್ ಇರೆ ಇದೆ ಎಂದು ತಪ್ಪು ಹೇಳುತ್ತದೆ. ಭಾಗಗಳನ್ನು ಕೈಯಿಂದಲೇ ಗುರುತಿಸಬೇಕೆನ್ನುವುದು ಇದಕ್ಕೇ. ಸಾಮಾನ್ಯವಾಗಿ ಹತ್ತೊಂಬತ್ತೆಂದು ಎಣಿಸುವ ಅದರ ಪದ್ಯಗಳಲ್ಲಿ ಯಾವುದು ಎಲ್ಲಿ ಒಡೆದಿದೆ ಎಂಬುದನ್ನೂ ದಾಖಲಿಸುವ ತಾಳ್ಮೆ ಇದ್ದರೆ ಇನ್ನೂ ಚೆನ್ನ.

ಪ್ರತಿ ಭಾಗಕ್ಕೆ ಇದೆ, ಇಲ್ಲ ಎಂಬ ಎರಡೇ ಗುರುತು ಸಾಲದು. ಪೂರ್ಣ, ಅಪೂರ್ಣ, ಸರಳ ಪಠಣ, ಬೇರೆಯವರ ಕೈ, ಕಳೆದುಹೋದದ್ದು, ಬರೆಯಲೇ ಇಲ್ಲ, ನೋಡಿಲ್ಲ ಎಂದು ಏಳು ಗುರುತುಗಳಿರಲಿ. ಕೊನೆಯದನ್ನು ಯಾವ ಕಾರಣಕ್ಕೂ ಬಿಡಬೇಡಿ. ಖಾಲಿ ಚೌಕ 'ಇಲ್ಲ' ಎಂದು ಅರ್ಥವಾಗುತ್ತ ಹೋದರೆ ಸೂಚಿಯ ಮೇಲಿನ ನಂಬಿಕೆ ಹೋಗುತ್ತದೆ.

ಬ್ರಾಮ್ಸ್‌ನನ್ನು ಇದೇ ಕೋಷ್ಟಕ ತಾನಾಗಿ ಬೇರ್ಪಡಿಸುತ್ತದೆ: ಎಲ್ಲ ಚೌಕದಲ್ಲೂ 'ಬರೆಯಲೇ ಇಲ್ಲ'. ಹಾಗಾಗಿ ಅವನನ್ನು ಹೊರಗಿಡಬೇಕೆಂದಿಲ್ಲ. ಕೃತಿಯ ಬಗೆ ಎಂಬ ಅಂಕಣದಲ್ಲಿ ಲ್ಯಾಟಿನ್ ಬಲಿಪೂಜೆ, ಮಿಶ್ರಪಾಠ, ಇತರ ಪಾಠ, ಪಾಠವಿಲ್ಲದ್ದು ಎಂದು ನಾಲ್ಕು ವರ್ಗ ಮಾಡಿ. ಲ್ಯಾಟಿನ್ ಪಾಠದ ನಡುವೆ ವಿಲ್‌ಫ್ರೆಡ್ ಓವೆನ್‌ನ ಒಂಬತ್ತು ಕವಿತೆಗಳನ್ನು ಹೆಣೆದಿರುವ ಬ್ರಿಟನ್‌ನ 1962ರ 'ವಾರ್ ರೆಕ್ವಿಯೆಮ್' ಎರಡನೆಯದಕ್ಕೆ, ಷ್ಯುಟ್ಸ್‌ನ 1636ರ 'ಮ್ಯೂಸಿಕಾಲಿಷೆ ಎಕ್ಸೆಕ್ವಿಯೆನ್' ಬ್ರಾಮ್ಸ್ ಜೊತೆ ಮೂರನೆಯದಕ್ಕೆ, ತಾಕೆಮಿತ್ಸುವಿನ 1957ರ ತಂತಿವಾದ್ಯಗಳ ರೆಕ್ವಿಯೆಮ್ ನಾಲ್ಕನೆಯದಕ್ಕೆ. ನೋಡುವವರಿಗೆ ಬೇಕಾದ ವರ್ಗವನ್ನು ಅವರೇ ಆರಿಸಿಕೊಳ್ಳಲಿ.

ಉಳಿದ ಅಂಕಣಗಳ ಬಗ್ಗೆ ಚುಟುಕಾಗಿ. ವರ್ಷ ಒಂದಲ್ಲ, ಮೂರು: ರಚನೆ, ಮೊದಲ ಪ್ರದರ್ಶನ, ಪ್ರಕಟಣೆ. ಸ್ಪೇನಿನ ಸಂಯೋಜಕ ವಿಕ್ಟೋರಿಯಾನ 'ಒಫ್ಫಿಚಿಯುಂ ದೆಫುಂಕ್ತೋರುಂ' 1603ರಲ್ಲಿ ಸಾಮ್ರಾಜ್ಞಿ ಮರಿಯಾಳ ಮರಣಕ್ಕೆ ರಚಿತವಾಗಿ 1605ರಲ್ಲಿ ಮುದ್ರಣವಾಯಿತು. ಹವೆಲ್ಸ್ 1930ರ ದಶಕದಲ್ಲಿ ಬರೆದ ರೆಕ್ವಿಯೆಮ್ ಪ್ರಕಟವಾದದ್ದು 1981ರಲ್ಲಿ. ವರ್ಷ ಖಚಿತವಿಲ್ಲದಲ್ಲಿ ಅತಿ ಮುಂಚಿನದು, ಅತಿ ತಡವಾದದ್ದು ಎಂದು ಎರಡು ಸಂಖ್ಯೆ ಕೊಡಿ. ಓಕೆಗೆಮ್‌ಗೆ ಅವನು ತೀರಿಕೊಂಡ 1497 ಮೇಲಿನ ಮಿತಿ. ಧ್ವನಿಗಳ ಬಗೆಯನ್ನು ವಾದ್ಯಗಳಿಂದ ಬೇರೆಯಾಗಿಡಿ, ಏಕೆಂದರೆ ಕೆರುಬಿನಿಯ ಎರಡು ರೆಕ್ವಿಯೆಮ್‌ಗಳಲ್ಲಿ ಸಿ ಮೈನರ್‌ನದು ಮಿಶ್ರ ಮೇಳಕ್ಕೆ, 1836ರ ಡಿ ಮೈನರ್‌ನದು ಪುರುಷ ಧ್ವನಿಗಳಿಗೆ ಮಾತ್ರ. ಗಾಯನವೃಂದದವರು ಹುಡುಕುವುದು ಈ ವ್ಯತ್ಯಾಸವನ್ನೇ. ಶೀರ್ಷಿಕೆ ಮೂಲದಲ್ಲಿರುವಂತೆ ಒಂದು, ಎಲ್ಲಕ್ಕೂ ಸಾಮಾನ್ಯವಾದದ್ದು ಒಂದು. ಸಂಯೋಜಕರ ಹೆಸರಿಗೆ ಗ್ರಂಥಾಲಯಗಳ ಜಂಟಿ ಹೆಸರುಸೂಚಿ ವಿಯಾಫ್‌ನ ಸಂಖ್ಯೆ.

ಅಂಕಣಗಳು ಗಟ್ಟಿಯಾದ ಮೇಲೆ ನಿಮ್ಮ ಗುರುತುಸಂಖ್ಯೆಗಳನ್ನು ಬದಲಿಸಬೇಡಿ, ಅಳಿಸಿದ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬೇಡಿ. ಪುಟದ ವಿಳಾಸದಲ್ಲಿ ಸಂಯೋಜಕನ ಹೆಸರಿಗಿಂತ ಆ ಸಂಖ್ಯೆಯೇ ಇರಲಿ, ಕರ್ತೃತ್ವ ಬದಲಾದರೂ ಕೊಂಡಿ ಉಳಿಯುತ್ತದೆ. ಮಾಹಿತಿಗೆ ಮುಕ್ತ ಪರವಾನಗಿ ಕೊಡಿ, ಆದರೆ ಧ್ವನಿಮುದ್ರಿಕೆಗಳ ಜೊತೆ ಬರುವ ಟಿಪ್ಪಣಿಗಳನ್ನು ನಕಲು ಮಾಡಿ ಹಾಕಬೇಡಿ, ಅವು ಬೇರೆಯವರ ಬರಹ. ವರ್ಷಕ್ಕೊಮ್ಮೆಯಾದರೂ ಇಡೀ ಡೇಟಾಬೇಸನ್ನು ಸರಳ ಸಿಎಸ್‌ವಿ ಕಡತಗಳಾಗಿ ಹೊರತೆಗೆದು ಸಂಶೋಧನಾ ಮಾಹಿತಿಯ ಸಂಗ್ರಹತಾಣವಾದ ಝೆನೋಡೊದಲ್ಲಿ ಇಡಿ. ಪ್ರತಿ ಆವೃತ್ತಿಗೂ ಅಲ್ಲಿ ಒಂದು ಡಿಒಐ, ಅಂದರೆ ಶಾಶ್ವತ ಗುರುತು, ಸಿಗುತ್ತದೆ. ನಿಮ್ಮ ಜಾಲತಾಣದ ಹೆಸರಿನ ಬಾಡಿಗೆ ಕಟ್ಟುವುದನ್ನು ನೀವು ಮರೆತ ವರ್ಷವೂ ಸಂಶೋಧಕರು ಅದನ್ನು ತೆರೆದು ನೋಡಬಹುದು.